ಮುಸ್ಲಿಂ ರೋಗಿ ನಮ್ಮ ವಾರ್ಡಿನಲ್ಲಿದ್ದಾಗ: ಅಡ್ಮಿಶನ್ ದಿನದಿಂದ ಮಯ್ಯತ್ (ಮೃತದೇಹ) ಒಪ್ಪಿಸುವವರೆಗೆ

ಒಬ್ಬ ಅಜ್ಜಿ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿ ಮೂರು ದಿನ ಆಗಿತ್ತು. ಮೂತ್ರ ಕಡಿಮೆ ಆಗುತ್ತಿದೆ, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಏರುತ್ತಿದೆ ಎಂದು ಡಾಕ್ಟರು ಡ್ರಿಪ್ ಜಾಸ್ತಿ ಮಾಡಿಸಿದರು. ಟೇಬಲ್ ಮೇಲೆ ಇಟ್ಟ ಲೋಟ ಬೆಳಗಿನಿಂದ ಹಾಗೇ ಇತ್ತು. ಮಧ್ಯಾಹ್ನ ಸ್ವಲ್ಪ ಬಿಡುವಾದಾಗ ಪಕ್ಕದಲ್ಲಿ ಕೂತು ಕೇಳಿದೆ, "ಯಾಕಮ್ಮಾ, ನೀರು ಯಾಕೆ ಕುಡೀತಿಲ್ಲ?" ಅವರು ಗೋಡೆ ಕಡೆ ನೋಡುತ್ತಾ ಮೆಲ್ಲಗೆ ಹೇಳಿದರು, "ಕುಡಿದ್ರೆ ಹೋಗ್ಬೇಕಲ್ಲ ಬೇಟಿ. ಪ್ಯಾನ್ ಇಟ್ಟು ಹತ್ತೀಲಿ ಒರೆಸಿ ಹೋಗ್ತಾರೆ. ನೀರು ಹಾಕಲ್ಲ. ಆ ಮೈಯಲ್ಲಿ ನಮಾಜ್ ಹೆಂಗೆ ಮಾಡ್ಲಿ?"

ಒಂದು ಪ್ಲಾಸ್ಟಿಕ್ ಮಗ್, ಅರ್ಧ ಬಕೆಟ್ ಬೆಚ್ಚಗಿನ ನೀರು. ಬೇಕಾಗಿದ್ದದ್ದು ಅಷ್ಟೇ. ಅವತ್ತು ಸಂಜೆ ಅವರು ಎರಡು ಲೋಟ ನೀರು ಕುಡಿದರು.

ನಾನು ಬಹಳ ವರ್ಷಗಳಿಂದ ವಾರ್ಡಿನಲ್ಲೂ ಐಸಿಯುನಲ್ಲೂ ನರ್ಸ್ ಆಗಿ ಕೆಲಸ ಮಾಡುತ್ತಿದ್ದೇನೆ. ನಾನು ಮುಸ್ಲಿಂ ಅಲ್ಲ. ಇಲ್ಲಿ ಬರೆದಿರುವುದು ರೋಗಿಗಳ ಮನೆಯವರಿಂದ, ಜೊತೆಗೆ ಕೆಲಸ ಮಾಡುವ ಮುಸ್ಲಿಂ ಸಿಸ್ಟರ್‌ಗಳಿಂದ, ಮಯ್ಯತ್ ತೆಗೆದುಕೊಂಡು ಹೋಗಲು ಬರುವ ಜಮಾತಿನ (ಮಸೀದಿಯ ಸಮುದಾಯದ) ಹಿರಿಯರಿಂದ ಕೇಳಿ ಕಲಿತದ್ದು. ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸ್‌ಗಳಿಗೆ, ಹೌಸ್ ಸರ್ಜನ್‌ಗಳಿಗೆ, ವಾರ್ಡ್ ಆಯಾಗಳಿಗೆ ಇದು ಉಪಯೋಗಕ್ಕೆ ಬರಲಿ. ರೋಗಿಯ ಮನೆಯವರೂ ಓದಲಿ, ಏಕೆಂದರೆ ಎಷ್ಟೋ ಜನರಿಗೆ ಇದನ್ನೆಲ್ಲ ಕೇಳಬಹುದು ಎಂಬುದೇ ಗೊತ್ತಿಲ್ಲ, ಸಂಕೋಚಪಟ್ಟು ಸುಮ್ನೆ ಇದ್ದುಬಿಡುತ್ತಾರೆ.

1. ಅಡ್ಮಿಶನ್ ದಿನವೇ ಐದು ನಿಮಿಷ ಕೂತು ಕೇಳಿ

ಹೆಸರು ನೋಡಿದ ಕೂಡಲೇ ಹಿಂದಿ ಶುರು ಮಾಡಬೇಡಿ. ಉತ್ತರ ಕರ್ನಾಟಕದ ಪಿಂಜಾರ, ನದಾಫ ಮನೆಗಳಲ್ಲಿ ಎಷ್ಟೋ ಕಡೆ ಮನೆಮಾತೇ ಕನ್ನಡ. ಮಂಗಳೂರು ಕಡೆಯವರು ಬ್ಯಾರಿ ಮಾತಾಡುತ್ತಾರೆ, ಭಟ್ಕಳದವರು ನವಾಯತಿ, ಬೆಂಗಳೂರು ಕಲಬುರಗಿಯವರು ದಖನಿ. "ಮನೇಲಿ ಯಾವ ಭಾಷೆ ಮಾತಾಡ್ತೀರಿ?" ಎಂದು ಕೇಳಿ. ಮನೆಯಲ್ಲಿ ಅಪ್ಪ ಅಮ್ಮನನ್ನು ಏನೆಂದು ಕರೆಯುತ್ತಾರೆ ಎಂದು ಕಿವಿಗೊಡಿ. ಅಬ್ಬಾ, ಅಮ್ಮಿ, ಬಾಪ, ಉಮ್ಮ, ಯಾವುದೋ ಒಂದು ಇರುತ್ತದೆ. ಕಡೆಯ ದಿನಗಳಲ್ಲಿ, ಪ್ರಜ್ಞೆ ಮಂಕಾದಾಗ, "ಉಮ್ಮ" ಎಂದು ಕರೆದರೆ ಕಣ್ಣು ತೆರೆಯುವವರನ್ನು ನಾನು ನೋಡಿದ್ದೇನೆ.

ನಮಾಜ್ ಮಾಡುತ್ತೀರಾ, ಅದಕ್ಕೆ ಏನು ಅನುಕೂಲ ಬೇಕು? ಊಟದಲ್ಲಿ ಏನು ಬೇಡ? ಮೈ ಮುಟ್ಟಿ ಪರೀಕ್ಷೆ ಮಾಡುವಾಗ ಹೆಂಗಸರೇ ಇರಬೇಕಾ, ಗಂಡಸರೇ ಇರಬೇಕಾ? ವಿಷಯ ಏನಿದ್ದರೂ ಮನೆಯಲ್ಲಿ ಯಾರಿಗೆ ಹೇಳಬೇಕು? ಈ ನಾಲ್ಕು ಪ್ರಶ್ನೆ ಕೇಳಿ, ಉತ್ತರಗಳನ್ನು ಕೇಸ್ ಶೀಟಿನ ಮೊದಲ ಪುಟದಲ್ಲೇ ಬರೆಯಿರಿ. ಬರೆಯದಿದ್ದರೆ ರಾತ್ರಿ ಪಾಳಿಯವರಿಗೆ ಗೊತ್ತಾಗುವುದಿಲ್ಲ. ದಿನಕ್ಕೆ ಐದು ಹೊತ್ತು ನಮಾಜ್ ಮಾಡುವವರೂ ಇದ್ದಾರೆ, ಶುಕ್ರವಾರ ಮಾತ್ರ ಮಾಡುವವರೂ ಇದ್ದಾರೆ, ಮಾಡದವರೂ ಇದ್ದಾರೆ. ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಹಾಕುವುದೂ ತಪ್ಪೇ ಅಲ್ವಾ. ಇನ್ನೊಂದು ಮಾತು: ಮುಟ್ಟಾದ ಹೆಂಗಸರಿಗೆ ನಮಾಜ್ ಇಲ್ಲ. ಹಾಗಾಗಿ "ಇವತ್ತು ಯಾಕೆ ಮಾಡ್ಲಿಲ್ಲ?" ಎಂದು ನಾಲ್ಕು ಜನರ ಮುಂದೆ ಕೇಳಬೇಡಿ.

2. ನೀರು, ಬಟ್ಟೆ, ಪರದೆ

ನೀರಿನ ಮಾತು ಮೇಲೆ ಬಂತು. ಶೌಚದ ನಂತರ ನೀರಿನಿಂದ ತೊಳೆಯುವುದಕ್ಕೆ ಇಸ್ತಿಂಜಾ ಎನ್ನುತ್ತಾರೆ. ಮೈಗೆ, ಬಟ್ಟೆಗೆ ಒಂದು ಹನಿ ಮೂತ್ರ ತಾಗಿದರೂ ನಮಾಜಿಗೆ ಅಡ್ಡಿ ಎಂಬ ಯೋಚನೆ ವಯಸ್ಸಾದವರಿಗೆ ಬಹಳ ಇರುತ್ತದೆ. ಮಲಗಿದಲ್ಲೇ ಇರುವವರಿಗೆ ಬೆಡ್‌ಪ್ಯಾನ್ ಮೇಲೆಯೇ ಮಗ್‌ನಿಂದ ನೀರು ಹಾಕಿ, ಆಮೇಲೆ ಒಣ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಕ್ಯಾತಿಟರ್ (ಮೂತ್ರದ ನಳಿಕೆ) ಹಾಕಿದವರು ನಮಾಜನ್ನೇ ಬಿಟ್ಟು ಕೊರಗುತ್ತಿರುತ್ತಾರೆ. ಅಂಥವರಿಗೆ ವಿನಾಯಿತಿ ಇದೆ, ಅದೇ ಸ್ಥಿತಿಯಲ್ಲಿ ಮಾಡಬಹುದು. ಆದರೆ ಆ ಮಾತನ್ನು ನಾವು ಹೇಳುವುದಕ್ಕಿಂತ ಅವರ ಮೌಲಾನಾ (ಧರ್ಮಗುರು) ಫೋನಿನಲ್ಲಿ ಎರಡು ನಿಮಿಷ ಹೇಳಿದರೆ ಮನಸ್ಸಿಗೆ ಹಿಡಿಯುತ್ತದೆ. ಕರಾವಳಿಯಲ್ಲಾದರೆ ಉಸ್ತಾದರು.

ಪರದೆ ಎಳೆದು, ಒಂದು ಮಾತು ಕೇಳಿ ಒಳಗೆ ಹೋಗಿ. ತಲೆಯ ಮೇಲಿನ ಬಟ್ಟೆ ತೆಗೆಯಬೇಕಾದರೆ ಹೇಳಿ ತೆಗೆಯಿರಿ, ಓಟಿಗೆ (ಆಪರೇಷನ್ ಕೋಣೆಗೆ) ಹೋಗುವಾಗ ಸರ್ಜಿಕಲ್ ಕ್ಯಾಪ್ ಹಾಕಿಯೇ ದುಪಟ್ಟಾ ತೆಗೆಸಿ. ಯಾವ ಭಾಗ ನೋಡಬೇಕೋ ಅಷ್ಟೇ ತೆರೆಯಿರಿ. ಹೆಂಗಸು ಡಾಕ್ಟರ್ ಇಲ್ಲದ ಹೊತ್ತಿನಲ್ಲಿ ಗಂಡಸು ಡಾಕ್ಟರ್ ನೋಡಬಾರದು ಅಂತೇನಿಲ್ಲ, ತುರ್ತಿನಲ್ಲಿ ಹೆಚ್ಚಿನ ಮನೆಯವರು ಒಪ್ಪುತ್ತಾರೆ. ಆದರೆ ಒಬ್ಬ ಸಿಸ್ಟರ್ ಪಕ್ಕದಲ್ಲಿ ನಿಲ್ಲಲೇಬೇಕು.

ಗಡ್ಡ ಬೋಳಿಸುವ ಮುಂಚೆ ಕೇಳಿ. ಟ್ಯೂಬ್ ಅಂಟಿಸಲು ಕಷ್ಟ ಎಂದು ಮಾತಿಲ್ಲದೆ ರೇಜರ್ ಹಾಕಿದ್ದರಿಂದ ಮಗ ಅಪ್ಪನ ಮುಖ ನೋಡಿ ಅತ್ತಿದ್ದನ್ನು ಕಂಡಿದ್ದೇನೆ. ಬಟ್ಟೆ ಪಟ್ಟಿಯಿಂದ ಕಟ್ಟಬಹುದಿತ್ತು. ಕೊರಳಲ್ಲಿ, ತೋಳಲ್ಲಿ ತಾಯತ ಇದ್ದರೆ ಎಂಆರ್‌ಐಗೆ ತೆಗೆಯಬೇಕಾಗುತ್ತದೆ. ಅದನ್ನು ಮನೆಯವರ ಕೈಗೇ ಕೊಡಿ, ಚಪ್ಪಲಿಯ ಕವರಿನಲ್ಲಿ ಹಾಕಬೇಡಿ. ಕುರಾನ್ ಇಟ್ಟಿದ್ದರೆ ಅದರ ಮೇಲೆ ಔಷಧಿ ಚೀಟಿ, ಲೋಟ, ಏನೂ ಇಡಬೇಡಿ.

3. ನಮಾಜಿನ ಹೊತ್ತು

ಫಜರ್, ಝುಹರ್, ಅಸರ್, ಮಗ್ರಿಬ್, ಇಶಾ. ಐದು ಹೊತ್ತು. ನಿಲ್ಲಲಾಗದವರು ಕೂತು, ಕೂರಲಾಗದವರು ಮಲಗಿಯೇ ತಲೆಯ ಸನ್ನೆಯಲ್ಲಿ ಮಾಡುತ್ತಾರೆ. ಮಾಡುವಾಗ ಮಾತಾಡಿಸಿದರೆ ಉತ್ತರ ಕೊಡುವುದಿಲ್ಲ. ಕಿವಿ ಕೇಳುತ್ತಿಲ್ಲ, ಮಂಪರು ಇದೆ ಎಂದು ಗಾಬರಿ ಬೀಳಬೇಡಿ. ಐದು ಹತ್ತು ನಿಮಿಷ ಬಿಟ್ಟು ಬನ್ನಿ.

ಕಿಬ್ಲಾ ಎಂದರೆ ಮಕ್ಕಾದ ಕಾಬಾದ ದಿಕ್ಕು. ನಮ್ಮ ಕರ್ನಾಟಕದಿಂದ ಅದು ಪಶ್ಚಿಮಕ್ಕೆ, ಸ್ವಲ್ಪ ಉತ್ತರಕ್ಕೆ ವಾಲಿದ ಹಾಗೆ. ಪ್ರತಿ ವಾರ್ಡಿನ ಗೋಡೆಯ ಮೇಲೆ ಒಂದು ಸಣ್ಣ ಬಾಣದ ಗುರುತು ಅಂಟಿಸಿಬಿಡಿ. ಖರ್ಚಿಲ್ಲದ ಕೆಲಸ, ದಿನಾ ಉಪಯೋಗ.

ನಮಾಜಿಗೆ ಮುಂಚೆ ಕೈ, ಬಾಯಿ, ಮೂಗು, ಮುಖ, ತೋಳು, ಕಾಲು ತೊಳೆಯುವುದು ವುಜೂ. ಮಲಗಿದವರಿಗೆ ಒಂದು ಬೇಸಿನ್, ಒಂದು ಮಗ್ ಸಾಕು. ನೀರು ತಾಗಿಸಬಾರದ ಗಾಯ ಇದ್ದರೆ ಪಟ್ಟಿಯ ಮೇಲೆ ಒದ್ದೆ ಕೈ ಸವರುತ್ತಾರೆ. ನೀರೇ ಬೇಡ ಎಂಬ ಸ್ಥಿತಿಯಲ್ಲಿ ಶುದ್ಧ ಮಣ್ಣು ಅಥವಾ ಕಲ್ಲನ್ನು ಮುಟ್ಟಿ ಮುಖ, ಕೈ ಸವರಿಕೊಳ್ಳುವ ತಯಮ್ಮುಮ್ ಇದೆ. ಮನೆಯವರು ಒಂದು ಕಲ್ಲು ತಂದು ದಿಂಬಿನ ಪಕ್ಕ ಇಟ್ಟರೆ ಕಸ ಎಂದು ಎಸೆಯಬೇಡಿ.

ನಮ್ಮ ಒಬ್ಬ ಸಿಸ್ಟರ್ ಹೇಳಿಕೊಟ್ಟ ಸಂಗತಿ ಇದು, ನನಗೆ ಬಹಳ ಉಪಯೋಗವಾಯಿತು. ಕರಾವಳಿಯ ಬ್ಯಾರಿಗಳು ಹೆಚ್ಚಾಗಿ ಶಾಫಿ ಪಂಥದವರು. ಅವರಲ್ಲಿ ಬೇರೆ ಗಂಡಸು ಹೆಂಗಸಿನ ಚರ್ಮ ಪರಸ್ಪರ ತಾಗಿದರೆ ವುಜೂ ಮುರಿಯುತ್ತದೆ. ಒಳನಾಡಿನವರು ಹೆಚ್ಚಾಗಿ ಹನಫಿಗಳು. ಅವರಲ್ಲಿ ಮುಟ್ಟಿದರೆ ಮುರಿಯುವುದಿಲ್ಲ, ಆದರೆ ರಕ್ತ ಹರಿದರೆ ಮುರಿಯುತ್ತದೆ. ಹಾಗಾಗಿ ಬಿಪಿ ನೋಡುವುದು, ರಕ್ತ ತೆಗೆಯುವುದು ಇದ್ದರೆ ಅವರು ವುಜೂ ಮಾಡುವ ಮೊದಲೇ ಮುಗಿಸಿ. ಕಷ್ಟಪಟ್ಟು ಎದ್ದು ಕೂತು ಕೈಕಾಲು ತೊಳೆದುಕೊಂಡ ವಯಸ್ಸಾದವರಿಗೆ ಅದೇ ಕೆಲಸ ಎರಡು ಸಲ ಮಾಡಿಸಬಾರದು.

4. ಊಟ, ಔಷಧಿ, ರಂಜಾನ್

ಊಟ ಸುಲಭ. ಹಲಾಲ್ ಮಾಂಸ ಸಿಗದಿದ್ದರೆ ಸಸ್ಯಾಹಾರ, ಮೊಟ್ಟೆ, ಮೀನು ನಡೆಯುತ್ತದೆ. ತಿನ್ನಿಸುವಾಗ ಬಲಗೈ ಬಳಸಿ, ರೋಗಿಯ ಬಲಗೈಗೆ ಡ್ರಿಪ್ ಹಾಕದೇ ಇರಲು ಸಾಧ್ಯವಾದರೆ ಎಡಗೈಗೆ ಹಾಕಿ.

ಔಷಧಿಯಲ್ಲಿ ಕೆಲವೊಮ್ಮೆ ಪ್ರಶ್ನೆ ಬರುತ್ತದೆ. ಕ್ಯಾಪ್ಸೂಲಿನ ಜೆಲಾಟಿನ್ ಪ್ರಾಣಿಮೂಲದ್ದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಹಂದಿಯ ಕರುಳಿನ ಒಳಪದರದಿಂದ ತಯಾರಾಗುತ್ತದೆ. ಕೇಳಿದರೆ ಮುಚ್ಚಿಡಬೇಡಿ. ಮಾತ್ರೆಯ ರೂಪದಲ್ಲಿ ಅದೇ ಔಷಧಿ ಇದೆಯೇ, ಹೆಪಾರಿನ್ ಬದಲು ಫೊಂಡಾಪ್ಯಾರಿನಕ್ಸ್ ಆಗುತ್ತದೆಯೇ ಎಂದು ಡಾಕ್ಟರನ್ನು ಕೇಳಿ ತಿಳಿಸಿ. ಜೀವ ಉಳಿಸಲು ಬೇರೆ ದಾರಿಯೇ ಇಲ್ಲದಾಗ ನಿಷಿದ್ಧವಾದದ್ದಕ್ಕೂ ಅನುಮತಿ ಇದೆ ಎಂಬುದು ಇಸ್ಲಾಮಿನಲ್ಲಿ ಒಪ್ಪಿತ ನಿಯಮ. ಆದರೆ ಗೊತ್ತಿದ್ದು ಒಪ್ಪುವುದಕ್ಕೂ ಆಮೇಲೆ ಬೇರೆಯವರಿಂದ ಗೊತ್ತಾಗುವುದಕ್ಕೂ ಬಹಳ ಫರಕು ಇದೆ.

ರಂಜಾನಿನಲ್ಲಿ ಕಾಯಿಲೆಯವರಿಗೆ ಉಪವಾಸದ ಕಡ್ಡಾಯ ಇಲ್ಲ, ಕುರಾನಿನಲ್ಲೇ ವಿನಾಯಿತಿ ಇದೆ. ಆದರೂ ಎಷ್ಟೋ ಹಿರಿಯರು ಹಟ ಹಿಡಿಯುತ್ತಾರೆ. ಬೈದರೆ ಬಚ್ಚಿಟ್ಟು ಮಾಡುತ್ತಾರೆ, ಮಾತ್ರೆ ದಿಂಬಿನ ಕೆಳಗೆ ಸೇರುತ್ತದೆ. ರಂಜಾನಿಗೆ ಒಂದು ತಿಂಗಳು ಮುಂಚೆಯೇ ಡಾಕ್ಟರ ಹತ್ತಿರ ಕೂರಿಸಿ ಮಾತಾಡಿಸಿ, ಸೆಹರಿ (ನಸುಕಿನ ಊಟ), ಇಫ್ತಾರಿಗೆ (ಸಂಜೆ ಉಪವಾಸ ಬಿಡುವ ಹೊತ್ತಿಗೆ) ಹೊಂದುವ ಹಾಗೆ ಮಾತ್ರೆಯ ಹೊತ್ತು ಬದಲಾಯಿಸಲು ಆಗುತ್ತದೆಯೇ ನೋಡಿ. ಶುಗರ್ ಇರುವವರಿಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಗ್ಲುಕೋಮೀಟರಿನಲ್ಲಿ 70ಕ್ಕಿಂತ ಕೆಳಗೆ ಬಂದರೆ, ಅಥವಾ 300 ದಾಟಿದರೆ, ಇಫ್ತಾರ್ ಹತ್ತು ನಿಮಿಷ ದೂರ ಇದ್ದರೂ ಉಪವಾಸ ಬಿಡಬೇಕು. ಬೆರಳು ಚುಚ್ಚಿ ಪರೀಕ್ಷೆ ಮಾಡಿದರೆ ಉಪವಾಸ ಮುರಿಯುವುದಿಲ್ಲ ಎಂಬುದನ್ನೂ ಹೇಳಿ, ಆ ಹೆದರಿಕೆಯಿಂದಲೇ ಪರೀಕ್ಷೆ ಮಾಡಿಸಿಕೊಳ್ಳದವರು ಇದ್ದಾರೆ.

5. ಇನ್ನು ಹೆಚ್ಚು ದಿನ ಇಲ್ಲ ಎಂದು ಗೊತ್ತಾದಾಗ

ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಓದಿ.

ಡಾಕ್ಟರು ವಿಷಯ ಹೇಳಿದಾಗ ಮನೆಯವರು "ಅಲ್ಲಾಹನ ಮರ್ಜಿ" ಎನ್ನಬಹುದು, ಅಥವಾ "ಇನ್ಶಾ ಅಲ್ಲಾಹ್ ವಾಸಿ ಆಗ್ತಾರೆ" ಎನ್ನಬಹುದು. ಅವರಿಗೆ ಅರ್ಥ ಆಗಲಿಲ್ಲ ಎಂದು ಮತ್ತೆ ಮತ್ತೆ ಒತ್ತಿ ಹೇಳಬೇಡಿ. ಅರ್ಥವೂ ಆಗಿರುತ್ತದೆ, ದುಆ (ಪ್ರಾರ್ಥನೆ) ಮಾಡುವುದನ್ನೂ ಬಿಡುವುದಿಲ್ಲ. ಎರಡೂ ಒಟ್ಟಿಗೆ ಇರುತ್ತವೆ.

ಜನ ಬರುತ್ತಾರೆ, ತುಂಬಾ ಜನ. ಕಾಯಿಲೆಯವರನ್ನು ನೋಡಲು ಹೋಗುವುದು ಅವರಲ್ಲಿ ಬರೀ ಉಪಚಾರ ಅಲ್ಲ, ಧಾರ್ಮಿಕ ಕರ್ತವ್ಯ. ಬಾಗಿಲಲ್ಲಿ ಜಗಳ ಆಡುವ ಬದಲು ಮನೆಯ ಹಿರಿಯರೊಬ್ಬರನ್ನು ಕರೆದು "ಇಬ್ಬಿಬ್ಬರನ್ನೇ ಕಳಿಸಿ ಚಾಚಾ, ಸಾಲನ್ನು ನೀವೇ ನೋಡಿಕೊಳ್ಳಿ" ಎನ್ನಿ. ಅವರು ಸೆಕ್ಯೂರಿಟಿಯವರಿಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಬಂದವರಲ್ಲಿ ಹಲವರು ಹಾಸಿಗೆ ಹತ್ತಿರ ಬಾಗಿ "ಕಹಾ ಸುನಾ ಮಾಫ್" ಎನ್ನುತ್ತಾರೆ. ಆಡಿದ್ದು ಕೇಳಿದ್ದು ಏನಿದ್ದರೂ ಕ್ಷಮಿಸು ಎಂದು. ರೋಗಿಗೂ ಅದೇ ಚಿಂತೆ ಇರುತ್ತದೆ, ಯಾರಿಗೆ ಸಾಲ ಬಾಕಿ ಇದೆ, ಯಾರ ಜೊತೆ ಮಾತು ಬಿಟ್ಟಿದ್ದೆ ಎಂದು. ಸಾಲ ತೀರಿಸದೆ ಹೋಗುವುದು ದೊಡ್ಡ ಭಾರ. ಅಂಥ ಮಾತು ನಡೆಯುವಾಗ ಪರದೆ ಎಳೆದು, ಅರ್ಧ ಗಂಟೆ ಆ ಕಡೆ ಹೋಗಬೇಡಿ. ಬಿಪಿ ಆಮೇಲೆ ನೋಡಬಹುದು.

ನೋವಿಗೆ ಮಾರ್ಫಿನ್ ಕೊಡುವಾಗ "ಅದು ನಶೆ ಅಲ್ವಾ, ಹರಾಮ್ ಅಲ್ವಾ?" ಎಂಬ ಪ್ರಶ್ನೆ ಬರುತ್ತದೆ. ಚಿಕಿತ್ಸೆಗಾಗಿ ಕೊಡುವುದಕ್ಕೆ ಉಲೇಮಾಗಳ (ಧರ್ಮ ವಿದ್ವಾಂಸರ) ಒಪ್ಪಿಗೆ ಇದೆ. ಆದರೆ ಕೆಲವರ ನಿಜವಾದ ಚಿಂತೆ ಬೇರೆ: ಕೊನೆ ಹೊತ್ತಿಗೆ ಕಲಿಮಾ (ನಂಬಿಕೆಯ ಘೋಷಣೆ) ಹೇಳಲು ಎಚ್ಚರ ಇರಬೇಕು. ಅದನ್ನು ಡಾಕ್ಟರಿಗೆ ತಿಳಿಸಿ. ನೋವೂ ತಡೆಯುವ, ಎಚ್ಚರವೂ ಉಳಿಯುವ ಡೋಸ್ ಹುಡುಕಲು ಪ್ಯಾಲಿಯೇಟಿವ್ (ನೋವು ಶಮನದ) ಡಾಕ್ಟರಿಗೆ ಬರುತ್ತದೆ. ಕ್ಯಾನ್ಸರ್ ಕೊನೆಯ ಹಂತದಲ್ಲಿದ್ದು ಮನೆಯಲ್ಲಿ ನೋಡಿಕೊಳ್ಳಲು ಆಗದವರಿಗೆ ಬೆಂಗಳೂರಿನ ಕರುಣಾಶ್ರಯದಲ್ಲಿ ಉಚಿತ ಆರೈಕೆ ಇದೆ, ಯಾವ ಧರ್ಮದವರಾದರೂ.

ವೆಂಟಿಲೇಟರ್ ತೆಗೆಯುವ ಮಾತು ಬಹಳ ಕಷ್ಟದ್ದು. ಜೀವ ತೆಗೆಯುವುದು ಇಸ್ಲಾಮಿನಲ್ಲಿ ನಿಷಿದ್ಧ. ಫಲವೇ ಇಲ್ಲದ ಚಿಕಿತ್ಸೆಯನ್ನು ಮುಂದುವರಿಸದೆ ಇರುವುದು ಬೇರೆ ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಕಾನೂನು ಕೂಡ ಈ ವ್ಯತ್ಯಾಸ ಮಾಡುತ್ತದೆ. ಸುಪ್ರೀಂ ಕೋರ್ಟ್ 2018ರಲ್ಲಿ ಇದಕ್ಕೆ ದಾರಿ ತೋರಿಸಿ, 2023ರಲ್ಲಿ ಅದನ್ನು ಸರಳ ಮಾಡಿತು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ಡಾಕ್ಟರುಗಳ ಎರಡು ಮಂಡಳಿ ಒಪ್ಪಬೇಕು, ಮನೆಯವರೂ ಒಪ್ಪಬೇಕು. ಮನೆಯವರು "ಮೌಲಾನಾರನ್ನು ಕೇಳಿ ಹೇಳ್ತೀವಿ" ಎಂದರೆ ಒಂದು ದಿನ ಕೊಡಿ. ಆಗುವುದಾದರೆ ಮೌಲಾನಾರನ್ನೇ ಕರೆಸಿ, ಡಾಕ್ಟರ ಎದುರಿಗೆ ಕೂರಿಸಿ. ಮೆದುಳಿನ ಸ್ಥಿತಿ ಏನು ಎಂದು ಅವರಿಗೆ ನೇರವಾಗಿ ಗೊತ್ತಾದರೆ ಉತ್ತರವೂ ಸ್ಪಷ್ಟವಾಗಿ ಬರುತ್ತದೆ.

ಮನೆಗೆ ಕರೆದುಕೊಂಡು ಹೋಗುತ್ತೇವೆ ಎನ್ನುವವರಿಗೆ ಡಿಸ್ಚಾರ್ಜ್ ಸಮ್ಮರಿಯಲ್ಲಿ ಕಾಯಿಲೆ ಕೊನೆಯ ಹಂತದಲ್ಲಿದೆ ಎಂದು ಸ್ಪಷ್ಟವಾಗಿ ಬರೆಸಿ. ಮನೆಯಲ್ಲಿ ತೀರಿಕೊಂಡ ಮೇಲೆ ಸಾವಿನ ಕಾರಣ ಬರೆದುಕೊಡಲು ಊರಿನ ಡಾಕ್ಟರಿಗೆ ಆ ಹಾಳೆ ಬೇಕಾಗುತ್ತದೆ.

6. ಕೊನೆಯ ಗಂಟೆ

ಆಗುವುದಾದರೆ ಮುಖ ಕಿಬ್ಲಾದ ಕಡೆ ಬರುವ ಹಾಗೆ ಬಲ ಮಗ್ಗುಲಿಗೆ ಮಲಗಿಸಿ, ಇಲ್ಲವೇ ಕಾಲು ಪಶ್ಚಿಮಕ್ಕೆ ಬರುವಂತೆ ಮಂಚ ತಿರುಗಿಸಿ ತಲೆಗೆ ಎತ್ತರ ಕೊಡಿ. ಐಸಿಯುನಲ್ಲಿ ಪೈಪಿನ ಉದ್ದ ಸಾಲದಿದ್ದರೆ ಮುಖವನ್ನಷ್ಟೇ ತಿರುಗಿಸಿ, ಸಾಕು. ಮನೆಯವರು ಕುರಾನಿನ ಯಾಸೀನ್ ಸೂರಾ (ಅಧ್ಯಾಯ) ಓದುತ್ತಾರೆ, ಮಕ್ಕಾದ ಝಂಝಂ ಬಾವಿಯ ನೀರು ಒಂದೆರಡು ಹನಿ ತುಟಿಗೆ ಹಾಕಬೇಕು ಎನ್ನುತ್ತಾರೆ. ನುಂಗಲಾಗದವರಿಗೆ ಹತ್ತಿಯನ್ನು ಅದ್ದಿ ತುಟಿ ಒದ್ದೆ ಮಾಡಲು ತೋರಿಸಿಕೊಡಿ. ಶ್ವಾಸಕ್ಕೆ ಹೋಗುವುದಿಲ್ಲ, ಅವರ ಆಸೆಯೂ ತೀರುತ್ತದೆ.

ಒಬ್ಬರು ಕಿವಿಯ ಹತ್ತಿರ ಮೆಲ್ಲಗೆ ಕಲಿಮಾ ಹೇಳುತ್ತಿರುತ್ತಾರೆ: ಲಾ ಇಲಾಹ ಇಲ್ಲಲ್ಲಾಹ್. ರೋಗಿ ಕೊನೆಗೆ ಕೇಳುವ, ಆಡುವ ಮಾತು ಅದೇ ಆಗಿರಲಿ ಎಂದು. ಆ ಹೊತ್ತಿನಲ್ಲಿ ಮಾನಿಟರಿನ ಅಲಾರಂ ಸದ್ದು ಇಳಿಸಿ. ಸುಮ್ನೆ ರೂಢಿಗೆ ಮಾಡುವ ಸಕ್ಷನ್ (ಗಂಟಲ ಕಫ ಹೀರುವುದು), ಶುಗರ್ ಚೆಕ್, ಎಲ್ಲ ನಿಲ್ಲಿಸಲು ಡಾಕ್ಟರನ್ನು ಕೇಳಿ.

ಮಕ್ಕಳು ದುಬೈನಲ್ಲೋ ದಮ್ಮಾಮ್‌ನಲ್ಲೋ ಇರುತ್ತಾರೆ. ಒಂದು ರಾತ್ರಿ ಒಬ್ಬರ ಹತ್ತಿರ ಯಾರೂ ಇರಲಿಲ್ಲ, ಹೆಂಡತಿ ಊರಿಂದ ಬಸ್ಸಿನಲ್ಲಿ ಬರುತ್ತಿದ್ದರು. ಗಲ್ಫಿನಲ್ಲಿದ್ದ ಮಗನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ ಅವರ ಕಿವಿಗೆ ಹಿಡಿದೆ. ಆ ಹುಡುಗ ಇಪ್ಪತ್ತು ನಿಮಿಷ ಕಲಿಮಾ ಹೇಳಿದ, ಮಧ್ಯೆ ಮಧ್ಯೆ "ಅಬ್ಬಾ, ಮೈ ಹೂಂ" (ಅಪ್ಪಾ, ನಾನಿದ್ದೀನಿ) ಎನ್ನುತ್ತಿದ್ದ. ನನ್ನ ಕೈ ಸೋತು ಎಡಗೈಗೆ ಬದಲಾಯಿಸಿಕೊಂಡೆ. ಫೋನ್ ಹಿಡಿಯಲು ಯಾವ ಧರ್ಮವಾದರೇನು. ನೀವೂ ಹಿಡಿಯಿರಿ.

7. ಉಸಿರು ನಿಂತ ಮೇಲೆ

ನಾನೇ ಮಾಡಿದ ತಪ್ಪನ್ನು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ರಾತ್ರಿ ಎರಡು ಗಂಟೆಗೆ ತೀರಿಕೊಂಡ ಒಬ್ಬ ತಾಯಿಗೆ ಮೈ ಒರೆಸಿ, ತಲೆ ಬಾಚಿ, ಎರಡೂ ಕೈ ಜೋಡಿಸಿ ಬ್ಯಾಂಡೇಜಿನಿಂದ ಕಟ್ಟಿದ್ದೆ. ಅಂದವಾಗಿ ಕಾಣಲಿ ಎಂದು. ಮಗಳು ಬಂದು ಒಂದು ಮಾತೂ ಆಡದೆ ಗಂಟು ಬಿಚ್ಚಿ, ಕೈಗಳನ್ನು ಪಕ್ಕಕ್ಕೆ ಇಟ್ಟಳು. ಆಮೇಲೆ ಹೇಳಿದಳು, "ಸಿಸ್ಟರ್, ಅದು ನಮ್ಮ ಕೆಲಸ. ನಮಗೆ ಬಿಡಿ."

ಮಾಡಬೇಕಾದ್ದು ಇಷ್ಟು. ಕಣ್ಣು ಮುಚ್ಚಿಸಿ. ಬಾಯಿ ತೆರೆದುಕೊಳ್ಳದ ಹಾಗೆ ಗದ್ದದಿಂದ ತಲೆಗೆ ಒಂದು ಬಟ್ಟೆ ಪಟ್ಟಿ ಕಟ್ಟಿ. ಕೈಗಳು ಪಕ್ಕದಲ್ಲಿ, ಕಾಲು ನೇರ. ಟ್ಯೂಬ್, ಕ್ಯಾನುಲಾ ತೆಗೆದು, ರಕ್ತ ಸೋರದಂತೆ ಬಿಗಿಯಾಗಿ ಪಟ್ಟಿ ಹಾಕಿ, ಇದು ಮುಖ್ಯ, ಸೋರುತ್ತಿದ್ದರೆ ಸ್ನಾನ ಮಾಡಿಸುವಾಗ ಬಹಳ ತೊಂದರೆ. ಪೊಲೀಸ್ ಕೇಸ್ ಆಗಿದ್ದರೆ ಮಾತ್ರ ಟ್ಯೂಬ್ ತೆಗೆಯುವ ಮುಂಚೆ ಡಾಕ್ಟರನ್ನು ಕೇಳಿ. ಇಡೀ ಮೈ ಮುಚ್ಚುವ ಹಾಗೆ ಬಿಳಿ ಬಟ್ಟೆ ಹೊದಿಸಿ. ಸಾಧ್ಯವಾದಷ್ಟು ಹೆಣ್ಣನ್ನು ಹೆಣ್ಣೇ ಮುಟ್ಟಲಿ, ಗಂಡನ್ನು ಗಂಡು. ಗ್ಲೌಸ್ ಹಾಕಿಕೊಳ್ಳಿ. ಸ್ನಾನ ಮಾಡಿಸಬೇಡಿ, ಉಗುರು ಕತ್ತರಿಸಬೇಡಿ, ತಲೆ ಬಾಚಬೇಡಿ.

ಸ್ನಾನಕ್ಕೆ ಗುಸುಲ್ ಎನ್ನುತ್ತಾರೆ. ಮೂರು, ಐದು, ಹೀಗೆ ಬೆಸ ಸಂಖ್ಯೆಯಲ್ಲಿ ನೀರು ಹಾಕಿ, ಕೊನೆಯ ನೀರಿಗೆ ಕರ್ಪೂರ ಸೇರಿಸುತ್ತಾರೆ. ಆಮೇಲೆ ಕಫನ್, ಹೊಲಿಗೆ ಇಲ್ಲದ ಬಿಳಿ ಬಟ್ಟೆ, ಗಂಡಸರಿಗೆ 3 ತುಂಡು, ಹೆಂಗಸರಿಗೆ 5. ಜನಾಜಾ ನಮಾಜ್ (ತೀರಿಕೊಂಡವರಿಗಾಗಿ ಮಾಡುವ ನಮಾಜ್), ನಂತರ ದಫನ್ (ಮಣ್ಣು ಮಾಡುವುದು). ಇದೆಲ್ಲ ಆದಷ್ಟು ಬೇಗ ಮುಗಿಯಬೇಕು, ಮುಂದಿನ ನಮಾಜಿನೊಳಗೆ ಎಂದು ಹೊರಡುತ್ತಾರೆ. ಮೈಯನ್ನು ಫ್ರೀಜರಿಗೆ ಹಾಕುವುದು, ಕೆಡದಂತೆ ರಾಸಾಯನಿಕ ತುಂಬಿ ಎಂಬಾಮ್ ಮಾಡುವುದು ಬೇಡ ಎನ್ನುತ್ತಾರೆ. ಕೇಳದೆ ಮಾರ್ಚುರಿಗೆ ಕಳಿಸಬೇಡಿ. ಜೋರಾಗಿ ಅಳದೆ ನಿಂತಿದ್ದಾರೆಂದರೆ ದುಃಖ ಇಲ್ಲ ಅಂತಲ್ಲ. ಎದೆ ಬಡಿದುಕೊಂಡು ಗೋಳಾಡಬಾರದು ಎಂದು ಕಲಿತವರು ಅವರು.

8. ಕಾಗದವನ್ನು ಮೊದಲೇ ಸಿದ್ಧ ಮಾಡಿ

ನನ್ನ ಅನುಭವದಲ್ಲಿ ಮನೆಯವರಿಗೆ ಅತಿ ಹೆಚ್ಚು ನೋವಾಗುವುದು ಇಲ್ಲಿ. ಮಸೀದಿಯಲ್ಲಿ ಖಬರ್ (ಹೂಳುವ ಗುಂಡಿ) ತೋಡಿ ಆಗಿರುತ್ತದೆ, ಜನ ಸೇರಿರುತ್ತಾರೆ, ನಮ್ಮಲ್ಲಿ ಒಂದು ಸಹಿಗೆ ನಾಲ್ಕು ಗಂಟೆ ಕಾಯುತ್ತಾರೆ. ಸಾವು ಹತ್ತಿರ ಇದೆ ಎಂದು ಗೊತ್ತಿರುವ ರೋಗಿಯದ್ದು ಹೆಸರಿನ ಅಕ್ಷರ, ತಂದೆ ಅಥವಾ ಗಂಡನ ಹೆಸರು, ವಿಳಾಸ ಆಧಾರ್ ನೋಡಿ ಮೊದಲೇ ಸರಿ ಮಾಡಿಕೊಳ್ಳಿ. ಸೈಯದ್, ಸಯ್ಯದ್, ಸೈಯ್ಯದ್ ಎಂದು ಮೂರು ಕಡೆ ಮೂರು ತರ ಬರೆದರೆ ಆಮೇಲೆ ವಿಧವೆ ಪಿಂಚಣಿಗೆ ಅಲೆಯಬೇಕಾಗುತ್ತದೆ. ಸಾವಿನ ಕಾರಣದ ಫಾರಂ 4ಕ್ಕೆ ಸಹಿ ಹಾಕುವ ಡಾಕ್ಟರ್ ರಾತ್ರಿ ಯಾರು ಎಂದು ಪಾಳಿ ಬದಲಾಗುವಾಗಲೇ ಕೇಳಿಟ್ಟುಕೊಳ್ಳಿ. ಫಾರಂನ ಪ್ರತಿ ಮನೆಯವರಿಗೆ ಕೊಡಿ. ಮರಣ ನೋಂದಣಿಗೆ 21 ದಿನ ಇದೆ, ಅದಕ್ಕಾಗಿ ಮಯ್ಯತ್ ನಿಲ್ಲಿಸುವ ಅಗತ್ಯ ಇಲ್ಲ. ಬಿಲ್ ಬಾಕಿ ಇದೆ ಎಂದೂ ನಿಲ್ಲಿಸುವ ಹಾಗಿಲ್ಲ, ಖಾಸಗಿ ಆಸ್ಪತ್ರೆಗಳಿಗೆ ಇರುವ ಕೆಪಿಎಂಇ ಕಾಯ್ದೆಯ 2017ರ ತಿದ್ದುಪಡಿಯಲ್ಲೇ ಅದು ಇದೆ. ಮನೆಯವರೇ, ಇದನ್ನು ನೆನಪಿಡಿ.

ಅಪಘಾತ, ವಿಷ, ಅನುಮಾನದ ಸಾವು ಆದರೆ ಪೊಲೀಸ್ ಪಂಚನಾಮೆ, ಪೋಸ್ಟ್‌ಮಾರ್ಟಂ ತಪ್ಪಿಸಲು ಆಗುವುದಿಲ್ಲ. ಮದುವೆಯಾಗಿ 7 ವರ್ಷದೊಳಗಿನ ಹೆಣ್ಣುಮಗಳಾದರೆ ತಹಶೀಲ್ದಾರರೂ ಬರಬೇಕು. ಮೈ ಕೊಯ್ಯುವುದನ್ನು ಮನೆಯವರು ಬಹಳ ನೊಂದು ವಿರೋಧಿಸುತ್ತಾರೆ. "ರೂಲ್ಸ್ ಇದೆ" ಎಂದು ಮುಗಿಸಬೇಡಿ, ಯಾಕೆ ಬೇಕು, ಎಷ್ಟು ಹೊತ್ತು ಎಂದು ಕೂರಿಸಿ ಹೇಳಿ. ಬೆಳಕಿನ ವ್ಯವಸ್ಥೆ ಇರುವ ಆಸ್ಪತ್ರೆಗಳಲ್ಲಿ ಸೂರ್ಯ ಮುಳುಗಿದ ಮೇಲೂ ಪೋಸ್ಟ್‌ಮಾರ್ಟಂ ಮಾಡಬಹುದು ಎಂದು ಕೇಂದ್ರ ಸರ್ಕಾರ 2021ರ ನವೆಂಬರಿನಲ್ಲಿ ಅನುಮತಿ ಕೊಟ್ಟಿದೆ. ಕೊಲೆ, ಆತ್ಮಹತ್ಯೆ, ಅತ್ಯಾಚಾರದಂಥ ಕೇಸುಗಳಿಗೆ ಸಾಮಾನ್ಯವಾಗಿ ಅದು ಅನ್ವಯಿಸುವುದಿಲ್ಲ. ಅಪಘಾತವಾದರೆ ಕೇಳಿ ನೋಡಿ, ಒಂದು ರಾತ್ರಿ ಉಳಿಯುತ್ತದೆ.

ಅಂಗದಾನದ ಬಗ್ಗೆ ಒಂದೇ ಅಭಿಪ್ರಾಯ ಇಲ್ಲ. ಜೆದ್ದಾದ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1988ರಲ್ಲಿ ಷರತ್ತಿನ ಮೇಲೆ ಅನುಮತಿ ಕೊಟ್ಟಿತು, ನಮ್ಮ ದೇಶದ ಹಲವು ಉಲೇಮಾಗಳು ಒಪ್ಪುವುದಿಲ್ಲ. ಮುಸ್ಲಿಂ ಮನೆ ಎಂದು ಕೇಳದೇ ಬಿಡಬೇಡಿ, ಬೇಡ ಎಂದರೆ ಎರಡನೇ ಸಲ ಕೇಳಬೇಡಿ.

ಕಾಲು ಕತ್ತರಿಸಿದಾಗ, ನಾಲ್ಕು ತಿಂಗಳು ದಾಟಿದ ಮಗು ಹೊಟ್ಟೆಯಲ್ಲೇ ತೀರಿಕೊಂಡಾಗ, ಆಸ್ಪತ್ರೆ ತ್ಯಾಜ್ಯದ ಹಳದಿ ಚೀಲಕ್ಕೆ ಹಾಕುವ ಮುಂಚೆ ಕೇಳಲೇಬೇಕು. ಅದನ್ನೂ ದಫನ್ ಮಾಡುತ್ತಾರೆ, ಮಗುವಿಗೆ ಹೆಸರಿಡುತ್ತಾರೆ. ಚೀಲ ಹೋದ ಮೇಲೆ ವಾಪಸ್ ತರಲು ಆಗುವುದಿಲ್ಲ.

9. ಗಂಡನನ್ನು ಕಳೆದುಕೊಂಡ ಹೆಂಗಸನ್ನು ಮರೆಯಬೇಡಿ

ಗಂಡ ತೀರಿಕೊಂಡ ಮೇಲೆ 4 ತಿಂಗಳು 10 ದಿನ ಇದ್ದತ್. ಅಷ್ಟು ದಿನ ಮನೆಯಲ್ಲೇ ಇರುತ್ತಾರೆ. ತಿಂಗಳುಗಟ್ಟಲೆ ಗಂಡನ ಹಾಸಿಗೆ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ ಆ ಹೆಂಗಸಿಗೂ ಬಿಪಿ ಇರುತ್ತದೆ, ಶುಗರ್ ಇರುತ್ತದೆ. ಡಾಕ್ಟರ ಹತ್ತಿರ ಹೋಗಲು ಇದ್ದತ್ತಿನಲ್ಲಿ ಅಡ್ಡಿ ಇಲ್ಲ, ಆದರೂ ಎಷ್ಟೋ ಜನ ಹೋಗುವುದಿಲ್ಲ, ಮಾತ್ರೆ ಮುಗಿದರೆ ಯಾರಿಗೂ ಹೇಳುವುದಿಲ್ಲ. ಮಯ್ಯತ್ ಹೊರಡುವ ಮುಂಚೆ ಮಗನನ್ನೋ ಅಳಿಯನನ್ನೋ ಪಕ್ಕಕ್ಕೆ ಕರೆದು ಕೇಳಿ, "ಅಮ್ಮಿ ಯಾವ ಮಾತ್ರೆ ತಗೊಳ್ತಾರೆ? ಎಷ್ಟು ದಿನಕ್ಕಿದೆ?" ಹಳೆ ಚೀಟಿ ಇದ್ದರೆ ನೋಡಿ, ಔಷಧಿ ತರಿಸಿಟ್ಟುಕೊಳ್ಳಲು ಹೇಳಿ, ವಾರ್ಡಿನ ನಂಬರನ್ನು ಆ ಚೀಟಿಯ ಹಿಂದೆ ಬರೆದುಕೊಡಿ.